ಮರಳಿ ಬಂದ ದೇಹ, ಮರಳಿ ಹಿಡಿದ ದಾರಿ

ತನುವು ಗುರುವಿಗೆ, ಮನವು ಲಿಂಗಕ್ಕೆ, ಧನವು ಜಂಗಮಕ್ಕೆ ಸಲ್ಲತಕ್ಕವು ಎಂಬುದು ಶರಣಮಾರ್ಗದ ಮೊದಲ ಪಾಠ. ಈ ಮಾತನ್ನು ಕೇಳದ ಭಕ್ತರ ಮನೆಯಿಲ್ಲ. ಆದರೆ ಕೇಳಿ ಕೇಳಿ ರೂಢಿಯಾದ ಮಾತು ಕಿವಿಯಲ್ಲಿಯೇ ಉಳಿದುಬಿಡುವುದುಂಟು. ನಡೆಗೆ ಇಳಿಯುವುದು ಅಪರೂಪ. ಉಳ್ಳವನಿಗೆ ಧನವನ್ನು ಕೊಡುವುದು ಸುಲಭ. ಅವನು ಅದನ್ನು ಕೊಟ್ಟು ತನುವನ್ನು ತನಗಾಗಿ ಇಟ್ಟುಕೊಳ್ಳುತ್ತಾನೆ. ಇಲ್ಲದವನು ಒಂದು ದಿನ ಮೈಮುರಿದು ದುಡಿದು, ಮನವನ್ನು ಬೇರೆಲ್ಲಿಯೋ ತಿರುಗಲು ಬಿಡುತ್ತಾನೆ. ಇವೆಲ್ಲಕ್ಕಿಂತ ಸಾಮಾನ್ಯವಾದ ದೋಷವು ಇನ್ನೊಂದಿದೆ. ಒಂದು ಸಲ ಕೊಟ್ಟವನು, ಒಂದು ಸಲ ದುಡಿದವನು, ‘ನನ್ನ ಪಾಲಿನದು ತೀರಿತು’ ಎಂದು ಕೈ ತೊಳೆದುಕೊಂಡು ಕುಳಿತುಬಿಡುವುದು.

ಹಸಿವಿಗೆ ಇಂತಹ ತೀರುವೆಯಿಲ್ಲ. ನಿನ್ನೆ ಉಂಡವನಿಗೆ ಇಂದು ಮತ್ತೆ ಹಸಿವಾಗುತ್ತದೆ. ರೋಗಕ್ಕೂ ತೀರುವೆಯಿಲ್ಲ, ಒಬ್ಬನು ಗುಣಹೊಂದಿ ಆಸ್ಪತ್ರೆಯಿಂದ ಹೊರಬೀಳುವಾಗ ಇನ್ನೊಬ್ಬನು ಅದೇ ಮಂಚಕ್ಕೆ ಬರುತ್ತಾನೆ. ಹೀಗಿರಲು ದಾಸೋಹವು ಮಾತ್ರ ಒಂದೇ ಸಲಕ್ಕೆ ಮುಗಿಯುವುದು ಹೇಗೆ? ಲಿಂಗಪೂಜೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿ ಮುಗಿಸಿದವರಿಲ್ಲ. ಅದು ನಿತ್ಯದ್ದು. ಪೂಜೆಯು ನಿತ್ಯದ್ದಾದರೆ ದಾಸೋಹವೂ ನಿತ್ಯದ್ದೇ ಆಗಬೇಕು. ಬಿಟ್ಟು ಬಂದ ಸೇವೆಗೆ ಮರಳಿ ಹೋಗುವುದರಲ್ಲಿಯೇ ಅದರ ಸತ್ತ್ವವಿದೆ.

ಈ ತತ್ತ್ವಕ್ಕೆ ದೃಷ್ಟಾಂತವನ್ನು ಕಲ್ಯಾಣದಲ್ಲಿಯೇ ಹುಡುಕಬೇಕೆಂದಿಲ್ಲ. ಶರಣರು ನಡೆಯನ್ನು ನೋಡಿದರೇ ಹೊರತು ನಾಡನ್ನಾಗಲಿ ಕುಲವನ್ನಾಗಲಿ ಕೇಳಲಿಲ್ಲ. ಆದುದರಿಂದ ದೂರದ ಇಂಗ್ಲೆಂಡಿನಲ್ಲಿ ಒಬ್ಬ ಆಟಗಾರನು ಹಿಡಿದ ದಾರಿಯನ್ನು ಇಲ್ಲಿ ವಿಚಾರಿಸುವುದು ಅಸಂಗತವಲ್ಲ.

ಜೆಫ್ ಥಾಮಸನು ಹುಟ್ಟಿದುದು ೧೯೬೪ರಲ್ಲಿ. ಕಾಲ್ಚೆಂಡಾಟವೇ ಅವನ ಜೀವನೋಪಾಯ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ತಂಡಕ್ಕೆ ಅವನು ನಾಯಕನಾಗಿದ್ದ ೧೯೯೦ರಲ್ಲಿ ಆ ತಂಡವು ಎಫ್. ಎ. ಕಪ್ಪಿನ ಅಂತಿಮ ಪಂದ್ಯದವರೆಗೆ ಏರಿತು. ಮುಂದೆ ಅವನು ಇಂಗ್ಲೆಂಡಿನ ಪರವಾಗಿಯೂ ಒಂಬತ್ತು ಪಂದ್ಯಗಳನ್ನು ಆಡಿದನು. ಆದರೆ ಲೋಕವು ಅವನನ್ನು ನೆನಪಿಟ್ಟುಕೊಂಡುದು ಬೇರೊಂದು ಕಾರಣಕ್ಕಾಗಿ. ೧೯೯೨ರಲ್ಲಿ ವೆಂಬ್ಲಿಯ ಕ್ರೀಡಾಂಗಣದಲ್ಲಿ ಫ್ರಾನ್ಸಿನ ವಿರುದ್ಧ ನಡೆದ ಪಂದ್ಯದಲ್ಲಿ ಎದುರಾಳಿಯ ಗೋಲು ಕಾಯುವವನೊಬ್ಬನೇ ಮುಂದಿದ್ದಾಗ, ಅವನು ಒದ್ದ ಚೆಂಡು ಗೋಲನ್ನು ಬಿಟ್ಟು ಎಲ್ಲಿಯೋ ಹೋಯಿತು. ಆ ಒಂದು ತಪ್ಪು ಒದೆತವನ್ನು ನೆನೆದು ಜನರು ವರ್ಷಗಟ್ಟಲೆ ನಕ್ಕರು. ಒಬ್ಬ ಮನುಷ್ಯನ ಹತ್ತಾರು ವರ್ಷಗಳ ದುಡಿಮೆಯನ್ನು ಒಂದು ಕ್ಷಣದ ತಪ್ಪಿನಿಂದ ಅಳೆಯುವುದು ಲೋಕದ ತಕ್ಕಡಿ. ಶಿವನ ತಕ್ಕಡಿ ಅದಲ್ಲ.

೨೦೦೨ರಲ್ಲಿ ಅವನು ಆಟದಿಂದ ನಿವೃತ್ತನಾದನು. ಮರುವರ್ಷವೇ, ಇನ್ನೂ ನಲವತ್ತು ತುಂಬುವ ಮೊದಲೇ, ಅವನಿಗೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿದುಬಂದಿತು. ವೈದ್ಯರು ಅದನ್ನು ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಎಂದು ಕರೆಯುತ್ತಾರೆ. ಎಲುಬಿನೊಳಗಿನ ಮಜ್ಜೆಯು ರಕ್ತದ ಹುಟ್ಟುಮನೆ. ಅಲ್ಲಿ ಬಿಳಿಯ ರಕ್ತಕಣಗಳು ಮಿತಿಮೀರಿ ಹುಟ್ಟುತ್ತ ಹೋಗುವುದೇ ಈ ರೋಗದ ಲಕ್ಷಣ. ಉಳಿದಿರುವುದು ಮೂರು ವರ್ಷಗಳ ಆಯುಷ್ಯವೆಂಬ ಎಚ್ಚರಿಕೆಯ ಮಾತನ್ನು ಅವನು ಕೇಳಬೇಕಾಯಿತು. ಮೈದಾನದಲ್ಲಿ ದಣಿವರಿಯದೆ ಓಡಿದ ದೇಹವು ಮಂಚವನ್ನು ಹಿಡಿಯಿತು. ‘ನನ್ನ ದೇಹ’ವೆಂಬ ಮಾತಿಗೆ ಅರ್ಥವೆಷ್ಟು ಎಂಬುದು ಇಂತಹ ಹೊತ್ತಿನಲ್ಲಿ ತಾನಾಗಿಯೇ ತಿಳಿಯುತ್ತದೆ.

ಅವನನ್ನು ಉಳಿಸಿದುದು ಅವನ ಒಡಹುಟ್ಟಿದ ಅಕ್ಕರೆ. ೨೦೦೪ರ ಜನವರಿಯಲ್ಲಿ ಅವನ ಸೋದರಿಯು ತನ್ನ ಆಕರಕೋಶಗಳನ್ನು, ಎಂದರೆ ರಕ್ತವನ್ನು ಹುಟ್ಟಿಸುವ ಬೀಜಕಣಗಳನ್ನು, ಅವನಿಗೆ ಕೊಟ್ಟಳು. ಒಡಹುಟ್ಟಿದವರಲ್ಲಿಯೂ ಇವು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅದೃಷ್ಟಕ್ಕೆ ಇವರಲ್ಲಿ ಹೊಂದಿತು. ಬರ್ಮಿಂಗ್‌ಹ್ಯಾಮ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಕ್ರಾಡಕ್ ಎಂಬ ವೈದ್ಯರ ಆರೈಕೆಯಲ್ಲಿ ಚಿಕಿತ್ಸೆಯು ನಡೆಯಿತು. ೨೦೦೫ರ ಹೊತ್ತಿಗೆ ರೋಗವು ಹಿಂದೆ ಸರಿಯಿತು.

ಇಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಅಂದಿನಿಂದ ಆ ಮನುಷ್ಯನ ಮೈಯಲ್ಲಿ ಹರಿಯುವ ರಕ್ತವು ಯಾರದು? ಅದು ಅವನ ಗಳಿಕೆಯಲ್ಲ. ಅದರ ಬೀಜವು ಸೋದರಿಯದು. ಅದನ್ನು ಬಿತ್ತಿದ ಕೈ ವೈದ್ಯರದು. ಬಿತ್ತುವ ವಿದ್ಯೆಯಾದರೋ ಹೆಸರರಿಯದ ನೂರಾರು ಜನರ ತಪಸ್ಸಿನ ಫಲ. ಈ ರೋಗದ ಗುರುತಾದ ಒಂದು ವಿಕಾರವನ್ನು ರೋಗಿಗಳ ರಕ್ತಕೋಶದ ವರ್ಣತಂತುಗಳಲ್ಲಿ ಮೊದಲು ಕಂಡವರು ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಅದು ೧೯೬೦ರಲ್ಲಿ. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುಣುಕುಗಳು ಸ್ಥಳ ಬದಲಿಸಿಕೊಳ್ಳುವುದರಿಂದಲೇ ಆ ವಿಕಾರವು ಉಂಟಾಗುತ್ತದೆಂದು ಜಾನೆಟ್ ರೌಲಿ ಎಂಬ ವಿದುಷಿಯು ೧೯೭೩ರಲ್ಲಿ ತೋರಿಸಿಕೊಟ್ಟಳು. ಆ ತಿಳಿವನ್ನೇ ಆಧಾರವಾಗಿಟ್ಟುಕೊಂಡು ಇಮ್ಯಾಟಿನಿಬ್ ಎಂಬ ಗುಳಿಗೆಯು ಸಿದ್ಧವಾಗಿ, ೨೦೦೧ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ದೊರೆಯಿತು. ಬಹುಮಟ್ಟಿಗೆ ಮರಣದ ಓಲೆಯೇ ಆಗಿದ್ದ ಈ ರೋಗವನ್ನು ಇಂದು ಅನೇಕರು ದಿನಕ್ಕೊಂದು ಗುಳಿಗೆಯಿಂದ ಹತೋಟಿಯಲ್ಲಿಟ್ಟುಕೊಂಡು ಬಾಳುತ್ತಿದ್ದಾರೆ. ಕಂಡುಕೊಂಡುದಕ್ಕೂ ಕೈಗೆ ಬಂದುದಕ್ಕೂ ನಡುವೆ ನಲವತ್ತೊಂದು ವರ್ಷಗಳು ಕಳೆದುವು. ಆ ನಲವತ್ತೊಂದು ವರ್ಷಗಳಲ್ಲಿ ಹಣ ಕೊಟ್ಟವರೂ ಇದ್ದರು. ಫಲವು ತಮಗೆ ದೊರೆಯುವ ಭರವಸೆಯಿಲ್ಲದೆ ಪ್ರಯೋಗಕ್ಕೆ ಮೈಯೊಡ್ಡಿದ ರೋಗಿಗಳೂ ಇದ್ದರು.

ಶರಣರು ದೇಹವನ್ನು ಪ್ರಸಾದಕಾಯವೆಂದು ಕರೆದುದರ ಮರ್ಮವು ಇಂತಹ ಸಂಗತಿಯಲ್ಲಿ ಬೆಳಕಿಗೆ ಬರುತ್ತದೆ. ಪ್ರಸಾದವೆಂದರೆ ತಾನು ದುಡಿದು ಪಡೆದುದಲ್ಲ. ಅರ್ಪಿತವಾಗಿ ಮರಳಿ ಬಂದುದು. ಕೊಂಡದ್ದಕ್ಕೆ ಬೆಲೆಯನ್ನು ತೆತ್ತರೆ ಲೆಕ್ಕವು ಚುಕ್ತಾ ಆಗುತ್ತದೆ. ಪ್ರಸಾದಕ್ಕೆ ಬೆಲೆಯೇ ಇಲ್ಲವಾದುದರಿಂದ ಅದರ ಲೆಕ್ಕವು ಎಂದಿಗೂ ಚುಕ್ತಾ ಆಗದು. ಅದನ್ನು ಪಡೆದವನಿಗೆ ಉಳಿದಿರುವ ದಾರಿ ಒಂದೇ: ಮುಂದಿನವನಿಗೆ ಹಂಚುವುದು. ಪ್ರಸಾದವನ್ನು ಕೈಯಲ್ಲಿಯೇ ಮುಚ್ಚಿಟ್ಟುಕೊಂಡವನನ್ನು ಯಾರೂ ಭಕ್ತನೆನ್ನುವುದಿಲ್ಲ.

ಥಾಮಸನು ಹಂಚಲು ಹಿಡಿದ ದಾರಿಯು ಬೈಸಿಕಲ್ಲಿನದು. ಫ್ರಾನ್ಸ್ ದೇಶದಲ್ಲಿ ಟೂರ್ ದ ಫ್ರಾನ್ಸ್ ಎಂಬ ಬೈಸಿಕಲ್ ಪಂದ್ಯವು ೧೯೦೩ರಿಂದ ನಡೆದುಬಂದಿದೆ. ಇಪ್ಪತ್ತೊಂದು ಹಂತಗಳಲ್ಲಿ, ಮೂರು ವಾರಗಳ ಕಾಲ, ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳನ್ನು ಹತ್ತಿ ಇಳಿಯಬೇಕಾದ ಪಂದ್ಯವದು. ಅದಕ್ಕಾಗಿಯೇ ದೇಹವನ್ನು ವರ್ಷವಿಡೀ ಹದಗೊಳಿಸುವ ವೃತ್ತಿಯ ಸವಾರರಲ್ಲಿಯೂ ಎಷ್ಟೋ ಮಂದಿ ನಡುದಾರಿಯಲ್ಲಿಯೇ ಕೈಬಿಡುತ್ತಾರೆ. ಆಕರಕೋಶಗಳ ಚಿಕಿತ್ಸೆಯು ನಡೆದು ಒಂದೂವರೆ ವರ್ಷವಷ್ಟೇ ಕಳೆದಿದ್ದಾಗ, ೨೦೦೫ರ ಬೇಸಿಗೆಯಲ್ಲಿ, ಥಾಮಸನು ಆ ವರ್ಷದ ಪಂದ್ಯದ ಹಾದಿಯನ್ನು, ಸುಮಾರು ೨,೨೦೦ ಮೈಲುಗಳನ್ನು, ಇಪ್ಪತ್ತೊಂದು ದಿನಗಳಲ್ಲಿ ತುಳಿದು ಮುಗಿಸಿದನು. ಸಮುದ್ರಮಟ್ಟದಿಂದ ೨,೬೪೨ ಮೀಟರು ಎತ್ತರದ ಗಾಲಿಬಿಯೇ ಕಣಿವೆದಾರಿಯೂ ಆ ವರ್ಷದ ಹಾದಿಯಲ್ಲಿತ್ತು. ಅದರಿಂದ ಲ್ಯುಕೀಮಿಯಾ ಸಂಶೋಧನೆಗೆ ಸುಮಾರು ಒಂದೂವರೆ ಲಕ್ಷ ಪೌಂಡು ಕೂಡಿತು. ವೆಂಬ್ಲಿಯಲ್ಲಿ ಫ್ರಾನ್ಸಿನೆದುರು ಎಡವಿದನೆಂದು ನಗೆಗೀಡಾದವನು ಫ್ರಾನ್ಸಿನ ಬೆಟ್ಟಗಳಲ್ಲಿ ಎಡವಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬಿ. ಬಿ. ಸಿ.ಯು ಸಂಕಟದ ನಡುವೆ ಧೈರ್ಯ ತೋರಿದವರಿಗಾಗಿ ಇಟ್ಟಿರುವ ಹೆಲೆನ್ ರೋಲಸನ್ ಪ್ರಶಸ್ತಿಯನ್ನು ಅವನಿಗೆ ಕೊಟ್ಟಿತು.

ಕಥೆಯು ಇಲ್ಲಿಗೆ ಮುಗಿದಿದ್ದರೂ ಯಾರೂ ಅವನನ್ನು ದೂಷಿಸುತ್ತಿರಲಿಲ್ಲ. ಸಾವಿನ ಬಾಗಿಲಿನಿಂದ ಮರಳಿದವನು ಒಮ್ಮೆ ಇಷ್ಟನ್ನು ಮಾಡಿದುದೇ ಹೆಚ್ಚು ಎಂದು ಲೋಕವು ಹೊಗಳಿ ಸುಮ್ಮನಾಗುತ್ತಿತ್ತು. ಆದರೆ ಹತ್ತು ವರ್ಷಗಳ ಮೇಲೆ, ೨೦೧೫ರ ಜುಲೈಯಲ್ಲಿ, ಐವತ್ತರ ವಯಸ್ಸಿನಲ್ಲಿ ಅವನು ಅದೇ ಪಂದ್ಯದ ಹಾದಿಗೆ ಮರಳಿದನು. ನೆದರ್ಲೆಂಡಿನ ಉಟ್ರೆಕ್ಟಿನಿಂದ ಪ್ಯಾರಿಸಿನವರೆಗೆ ಸುಮಾರು ೩,೩೬೦ ಕಿಲೋಮೀಟರು. ಪಂದ್ಯದ ಸವಾರರಿಗಿಂತ ಒಂದು ದಿನ ಮುಂದಾಗಿ ಅವನೂ ಅವನ ಸಂಗಡಿಗರೂ ಹೊರಟರು. ಈ ಸಲದ ಗುರಿ ಹತ್ತು ಲಕ್ಷ ಪೌಂಡು. ಅದು ಸಲ್ಲಬೇಕಾದುದು ಬರ್ಮಿಂಗ್‌ಹ್ಯಾಮಿನಲ್ಲಿ ೨೦೦೩ರಲ್ಲಿ ಆರಂಭವಾದ ಕ್ಯೂರ್ ಲ್ಯುಕೀಮಿಯಾ ಎಂಬ ಧರ್ಮಸಂಸ್ಥೆಗೆ. ಮುಂದೆ ೨೦೨೧ರಲ್ಲಿ, ಐವತ್ತಾರರ ಪ್ರಾಯದಲ್ಲಿಯೂ, ಹವ್ಯಾಸಿ ಸವಾರರ ತಂಡವೊಂದನ್ನು ಕಟ್ಟಿಕೊಂಡು ಅವನು ಆ ಹಾದಿಯಲ್ಲಿದ್ದನು.

ಮೊದಲನೆಯ ಸವಾರಿಗೂ ಮರಳಿ ಹೋದ ಸವಾರಿಗೂ ವ್ಯತ್ಯಾಸವೇನು? ಹಾದಿ ಅದೇ, ಚಕ್ರವೂ ಅದೇ. ವ್ಯತ್ಯಾಸವಿರುವುದು ಸವಾರನ ಅರಿವಿನಲ್ಲಿ. ಮೊದಲ ಸಲ ಹೊರಡುವವನು ಬೆಟ್ಟವನ್ನು ದೂರದಿಂದ ಕಂಡಿರುತ್ತಾನೆ. ಐದನೆಯ ದಿನಕ್ಕೆ ಸೀಟಿನ ಮೇಲೆ ಕುಳಿತ ಜಾಗದಲ್ಲಿ ಚರ್ಮವು ಸುಲಿದು ಹುಣ್ಣಾಗುವುದನ್ನು, ಹ್ಯಾಂಡಲನ್ನು ಹಿಡಿದು ಹಿಡಿದು ಬೆರಳುಗಳು ಜೋಮು ಹಿಡಿಯುವುದನ್ನು, ಹತ್ತನೆಯ ದಿನಕ್ಕೆ ಅನ್ನವನ್ನು ಕಂಡರೆ ಓಕರಿಕೆ ಬಂದರೂ ನುಂಗಲೇಬೇಕಾಗುವುದನ್ನು ಅವನು ಇನ್ನೂ ಅರಿಯನು. ಅವನನ್ನು ಕರೆದೊಯ್ಯುವುದು ಉತ್ಸಾಹ. ಉತ್ಸಾಹವು ಒಳ್ಳೆಯದೇ, ಆದರೆ ಅದರಲ್ಲಿ ಅರ್ಧಭಾಗವು ಅಜ್ಞಾನ. ಮರಳಿ ಹೊರಡುವವನಿಗೆ ಎಲ್ಲವೂ ಗೊತ್ತು. ಯಾವ ತಿರುವಿನಲ್ಲಿ ಕಾಲು ಸೋಲುವುದೆಂಬುದೂ, ಯಾವ ರಾತ್ರಿ ನಿದ್ರೆ ಬಾರದೆಂಬುದೂ ಗೊತ್ತು. ಜೊತೆಗೆ ವಯಸ್ಸು ಹತ್ತು ವರ್ಷ ಏರಿದೆ. ಗೊತ್ತಿದ್ದೂ ಅವನು ಪೆಡಲಿನ ಮೇಲೆ ಕಾಲಿಡುತ್ತಾನೆ. ಮೊದಲನೆಯದು ಹುಮ್ಮಸ್ಸಿನಿಂದ ಆಗುತ್ತದೆ. ಎರಡನೆಯದು ವ್ರತದಿಂದಲ್ಲದೆ ಆಗದು.

ಮುಂಗಾರಿನ ಮೊದಲ ಮಳೆಗೆ ಬದುವಿನ ಮೇಲಿನ ಹುಲ್ಲೂ ಹೊಲದ ಜೋಳವೂ ಒಂದೇ ಹಸಿರಾಗಿ ಕಾಣುತ್ತವೆ. ನಡುವೆ ಹದಿನೈದು ದಿನ ಮಳೆ ತಡೆದಾಗ ಯಾವುದರ ಬೇರು ಎಷ್ಟು ಇಳಿದಿದೆಯೆಂಬುದು ಗೊತ್ತಾಗುತ್ತದೆ. ಭಕ್ತಿಯ ವಿಷಯದಲ್ಲಿಯೂ ಹೀಗೆಯೇ. ದೀಕ್ಷೆಯಾದ ದಿನ ಎಲ್ಲರೂ ಭಕ್ತರೇ. ಹಬ್ಬ ಕಳೆದು, ಹೊಗಳುವವರು ಮನೆಗೆ ಹೋಗಿ, ಮೈಯಲ್ಲಿ ಆಯಾಸವು ತುಂಬಿರುವ ಮುಂಜಾನೆ ಮತ್ತೆ ಎದ್ದು ಮಜ್ಜನಕ್ಕೆ ನೀರು ತರುವವನು ಯಾರೋ ಅವನ ಬೇರು ಇಳಿದಿದೆ.

ಇನ್ನು ಮೂರು ಸಂದೇಹಗಳು ಸಹಜವಾಗಿ ಏಳತಕ್ಕವು. ಅವನ್ನು ಬದಿಗೊತ್ತಿ ಹೋಗುವುದು ಸರಿಯಲ್ಲ.

ಮೊದಲನೆಯದು: ಬೈಸಿಕಲ್ಲು ತುಳಿದರೆ ರೋಗವು ವಾಸಿಯಾಗುವುದೇ? ಹಣವು ಬೇಕಾಗಿದ್ದರೆ ನೇರವಾಗಿ ಕೇಳಬಾರದೇ? ಮೂರು ವಾರ ಬೆಟ್ಟವನ್ನು ಹತ್ತಿ ಇಳಿದು ಮೈಯನ್ನು ದಂಡಿಸುವುದೇತಕ್ಕೆ?

ಚಕ್ರವು ರೋಗವನ್ನು ಗುಣಪಡಿಸದೆಂಬುದು ನಿಜ. ಅದು ಮಾಡುವ ಕೆಲಸವೇ ಬೇರೆ. ಹೊಸ ಔಷಧವು ಪ್ರಯೋಗಶಾಲೆಯಲ್ಲಿ ಸಿದ್ಧವಾದೊಡನೆಯೇ ರೋಗಿಯ ಕೈಗೆ ಬರುವುದಿಲ್ಲ. ಎಷ್ಟು ಪ್ರಮಾಣದಲ್ಲಿ ಕೊಟ್ಟರೆ ಹಿತ, ಎಷ್ಟಾದರೆ ಅಪಾಯ, ಹಳೆಯ ಔಷಧಕ್ಕಿಂತ ಇದು ಮೇಲೇ ಎಂಬುದನ್ನು ಒಪ್ಪಿಗೆಯಿತ್ತ ರೋಗಿಗಳ ಮೇಲೆ ನೋಡಿ, ಅಳೆದು, ಬರೆದಿಡಬೇಕು. ಈ ಪರೀಕ್ಷೆಗಳಿಗೆ ತರಬೇತಿ ಪಡೆದ ದಾದಿಯರು ಬೇಕು. ಅವರಿಲ್ಲದಿದ್ದರೆ ಔಷಧವು ಇದ್ದೂ ರೋಗಿಗೆ ಇಲ್ಲದಂತೆಯೇ. ಕ್ಯೂರ್ ಲ್ಯುಕೀಮಿಯಾ ಸಂಸ್ಥೆಯ ಹಣವು ಮುಖ್ಯವಾಗಿ ಇಂತಹ ದಾದಿಯರಿಗೂ, ರಕ್ತದ ಕ್ಯಾನ್ಸರಿನ ಪರೀಕ್ಷೆಗಳನ್ನು ಬೇಗ ನಡೆಯಿಸಲು ೨೦೧೧ರಲ್ಲಿ ಆರಂಭವಾದ ಆಸ್ಪತ್ರೆಗಳ ಒಂದು ಒಕ್ಕೂಟಕ್ಕೂ ಸಲ್ಲುತ್ತದೆ. ಬೆಟ್ಟವನ್ನು ಹತ್ತಿದ ಒಂದೊಂದು ಮೈಲಿಯೂ ಎಲ್ಲಿಯೋ ಒಂದು ಮಂಚದ ಬಳಿ ನಿಂತ ದಾದಿಯ ದಿನಗೂಲಿಯಾಗಿ ಮಾರ್ಪಡುತ್ತದೆ.

ಸುಮ್ಮನೆ ಕೇಳುವುದಕ್ಕೂ ದುಡಿದು ಕೇಳುವುದಕ್ಕೂ ಅಂತರವಿದೆ. ಕೈಚಾಚಿ ಕೇಳುವವನು ಮಾತನ್ನು ಮುಂದಿಡುತ್ತಾನೆ. ಮೈಯನ್ನು ದಂಡಿಸಿ ಕೇಳುವವನು ತನುವನ್ನೇ ಒತ್ತೆಯಿಡುತ್ತಾನೆ. ‘ನೀವು ಹಣವನ್ನು ಕೊಡಿರಿ, ನನ್ನ ಪಾಲಿನದನ್ನು ನಾನು ಮೊದಲೇ ಕೊಟ್ಟಿದ್ದೇನೆ’ ಎಂದು ಅವನ ಬೆವರು ಹೇಳುತ್ತದೆ. ಶರಣರು ಕಾಯಕವಿಲ್ಲದ ದಾನವನ್ನು ಮೆಚ್ಚಲಿಲ್ಲ. ಬೆವರಿನ ಸಂಬಂಧವಿಲ್ಲದ ಹಣವು ಹಗುರ. ಅದು ಬಂದಂತೆಯೇ ಹೋಗುತ್ತದೆ. ಬೆವರಿನೊಡನೆ ಬಂದ ಹಣಕ್ಕೆ ಭಾರವಿರುತ್ತದೆ. ಅದನ್ನು ಪಡೆದ ಸಂಸ್ಥೆಯೂ ಅಳುಕಿ ಖರ್ಚುಮಾಡುತ್ತದೆ, ಅಳುಕಬೇಕು.

ಆದರೆ ಇಲ್ಲಿಯೇ ಒಂದು ಗುಂಡಿಯೂ ಇದೆ. ದಂಡಿಸಿದ ಮೈಯೇ ಪ್ರದರ್ಶನದ ವಸ್ತುವಾದರೆ, ‘ಇಷ್ಟು ಮೈಲಿ ಹೋದವನು ನಾನು’ ಎಂಬುದೇ ಮುಖ್ಯವಾಗಿ ರೋಗಿಯು ಮರೆಗೆ ಸರಿದರೆ, ಚಕ್ರವು ಅಹಂಕಾರದ ವಾಹನವಾಗುತ್ತದೆ. ದಾಸೋಹವೆಂಬ ಶಬ್ದದಲ್ಲಿಯೇ ಇದಕ್ಕೆ ಮದ್ದಿದೆ. ‘ದಾಸನು ನಾನು’ ಎಂಬುದು ಅದರ ಅರ್ಥ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಳ್ಳುವವನೇ ಒಡೆಯ. ಕೊಡುವವನು ಅವನ ಬಾಗಿಲಲ್ಲಿ ನಿಂತ ಆಳು. ರೋಗಿಯನ್ನು ಒಡೆಯನೆಂದು ಭಾವಿಸಿ ತುಳಿದ ಮೈಲಿ ಮಾತ್ರ ದಾಸೋಹದ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಸಂದೇಹವು ಹಣದ ಶುದ್ಧಿಯನ್ನು ಕುರಿತದ್ದು. ಇಂತಹ ದೊಡ್ಡ ಯಾತ್ರೆಗಳಿಗೆ ಊಟ, ವಸತಿ, ಹಿಂಬಾಲಿಸುವ ವಾಹನ ಮುಂತಾದ ಖರ್ಚುಗಳಿರುತ್ತವೆ. ಬಡರೋಗಿಯ ಹೆಸರಿನಲ್ಲಿ ಕೂಡಿದ ಹಣವು ಸವಾರರ ವೆಚ್ಚಕ್ಕೇ ಕರಗಿದರೆ ಏನು ಗತಿ? ಈ ಪ್ರಶ್ನೆಯನ್ನು ಕೇಳುವುದು ಕೊಡುವವರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ಇದಕ್ಕೆ ಉತ್ತರವನ್ನು ನಡೆಯಲ್ಲಿ ತೋರಿಸಿದವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಬಿಲ್ಲಿ ಸ್ಟಾರ್ ಎಂಬವನ ತಾಯಿಯು ೧೯೭೪ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ೧೯೮೦ರಲ್ಲಿ ಅವನು ಮೂವತ್ತಾರು ಮಂದಿಯೊಡನೆ ಆ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಿಂದ ಕಡಲತಡಿಯ ಪ್ರಾವಿನ್ಸ್‌ಟೌನಿನವರೆಗೆ ಬೈಸಿಕಲ್ಲಿನಲ್ಲಿ ಹೋಗಿ, ಬಾಸ್ಟನ್ನಿನ ಡೇನಾ–ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ೧೦,೨೦೦ ಡಾಲರುಗಳನ್ನು ಕೂಡಿಸಿದನು. ಆ ಯಾತ್ರೆಗೆ ಪ್ಯಾನ್–ಮ್ಯಾಸ್ ಚಾಲೆಂಜ್ ಎಂದು ಹೆಸರಾಯಿತು. ಅಂದಿನಿಂದ ಆ ಸವಾರರು ವರ್ಷವರ್ಷವೂ ಮರಳಿ ಬರುತ್ತಿದ್ದಾರೆ. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದಾಗಿ ಎಲ್ಲರೂ ಒಂದಾಗಿ ಹೊರಡಲಾಗಲಿಲ್ಲ. ಆಗಲೂ ಅವರು ತಮ್ಮ ತಮ್ಮ ಊರುಗಳಲ್ಲಿಯೇ ತುಳಿದು ಹಣವನ್ನು ಕೂಡಿಸಿ, ೨೦೨೧ರಲ್ಲಿ ಮತ್ತೆ ಹಾದಿಗಿಳಿದರು. ೨೦೨೪ರ ಹೊತ್ತಿಗೆ ಒಟ್ಟು ಮೊತ್ತವು ನೂರು ಕೋಟಿ ಡಾಲರುಗಳನ್ನು ದಾಟಿತು. ಇದಕ್ಕಿಂತ ಗಮನಿಸತಕ್ಕ ಸಂಗತಿಯೆಂದರೆ, ಸವಾರರು ಕೂಡಿಸಿ ತಂದ ಹಣದ ಪ್ರತಿಯೊಂದು ಡಾಲರನ್ನೂ ಆ ಸಂಸ್ಥೆಗೇ ಸಲ್ಲಿಸಿ, ಯಾತ್ರೆಯ ಖರ್ಚನ್ನು ಸವಾರರ ಪ್ರವೇಶಶುಲ್ಕದಿಂದಲೂ ವ್ಯಾಪಾರಸಂಸ್ಥೆಗಳ ನೆರವಿನಿಂದಲೂ ಬೇರೆಯಾಗಿ ನಡೆಯಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದಾರೆ.

ಇದನ್ನು ಕೇಳಿದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ದಾಸೋಹದ ಪಾತ್ರೆಯಲ್ಲಿ ತನ್ನ ಮನೆಯ ಹಿಡಿಯನ್ನು ಬೆರಸಬಹುದೇ ಹೊರತು, ದಾಸೋಹದ ಹಿಡಿಯನ್ನು ತನ್ನ ಪಾತ್ರೆಗೆ ಬೆರಸಬಾರದೆಂಬ ಎಚ್ಚರವು ಆ ಗುಡಿಸಿಲಿನಲ್ಲಿತ್ತು. ಧರ್ಮಕ್ಕಾಗಿ ಹಣವನ್ನು ಎತ್ತುವ ಯಾರೇ ಆಗಲಿ, ಅದು ದೂರದ ಸಂಸ್ಥೆಯಾಗಲಿ ಊರಿನ ಜಾತ್ರೆಯ ಸಮಿತಿಯಾಗಲಿ, ಲೆಕ್ಕದ ಪುಸ್ತಕವನ್ನು ತೆರೆಯುವ ಮೊದಲು ಆ ಗುಡಿಸಿಲನ್ನು ನೆನೆಯುವುದು ಒಳ್ಳೆಯದು.

ಮೂರನೆಯ ಸಂದೇಹವು ಎಲ್ಲಕ್ಕಿಂತ ಕಠಿಣವಾದುದು; ಅದು ಥಾಮಸನ ಮರಳಿದ ಸವಾರಿಯಲ್ಲಿಯೇ ಎದ್ದುದು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಸವಾರನು ೧೯೯೬ರಲ್ಲಿ ಕ್ಯಾನ್ಸರಿಗೆ ತುತ್ತಾಗಿ, ಅದರಿಂದ ಪಾರಾಗಿ, ೧೯೯೯ರಿಂದ ೨೦೦೫ರವರೆಗೆ ಏಳು ಸಲ ಟೂರ್ ದ ಫ್ರಾನ್ಸನ್ನು ಗೆದ್ದವನೆನಿಸಿದ್ದನು. ಥಾಮಸನು ಕಾಯಿಲೆಯಲ್ಲಿದ್ದಾಗ ಅವನಿಗೆ ಧೈರ್ಯ ತುಂಬಿದುದು, ಬೈಸಿಕಲ್ಲಿನ ಕಡೆಗೆ ತಿರುಗಿಸಿದುದು ಆರ್ಮ್‌ಸ್ಟ್ರಾಂಗನ ಆತ್ಮಕಥೆ. ಆದರೆ ಆ ಗೆಲುವುಗಳು ನಿಷಿದ್ಧ ಔಷಧಗಳ ಬಲದಿಂದ ಬಂದವುಗಳೆಂದು ಸಿದ್ಧವಾಗಿ ೨೦೧೨ರಲ್ಲಿ ಏಳು ಬಿರುದುಗಳೂ ಅವನಿಂದ ಹೋದುವು. ೨೦೧೩ರ ಜನವರಿಯಲ್ಲಿ ಅವನು ತಪ್ಪನ್ನು ತಾನೇ ಒಪ್ಪಿಕೊಂಡನು. ಇಂತಹವನನ್ನು ೨೦೧೫ರಲ್ಲಿ ಥಾಮಸನು ತನ್ನ ಜೊತೆಗೆ ಕರೆದನು. ಆರ್ಮ್‌ಸ್ಟ್ರಾಂಗನು ಬಂದು ಎರಡು ದಿನ ಅವನೊಡನೆ ಬೈಸಿಕಲ್ಲು ತುಳಿದನು. ಆಗ ಅಂತರರಾಷ್ಟ್ರೀಯ ಬೈಸಿಕಲ್ ಒಕ್ಕೂಟದ ಅಧ್ಯಕ್ಷನಾಗಿದ್ದ ಬ್ರಯನ್ ಕುಕ್ಸನ್ನನು ಇದು ಪಂದ್ಯಕ್ಕೂ ಪ್ರಾಮಾಣಿಕ ಸವಾರರಿಗೂ ತೋರುವ ಅಗೌರವವೆಂದು ಬಹಿರಂಗವಾಗಿ ಆಕ್ಷೇಪಿಸಿದನು.

ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೋಸದಿಂದ ಗೆದ್ದವನು ಮೋಸಮಾಡದೆ ಸೋತವರ ಅನ್ನವನ್ನು ಕಸಿದುಕೊಂಡಿದ್ದನು. ಒಳ್ಳೆಯ ಕೆಲಸದ ನೆರಳಿನಲ್ಲಿ ಹಳೆಯ ಕಳಂಕವನ್ನು ಮರೆಸಿಬಿಡುವ ಅಪಾಯವು ಲೋಕದಲ್ಲಿ ಎಂದೂ ಇರುವುದೇ. ಪುಣ್ಯವನ್ನು ಪಾಪದ ಮೇಲಿನ ಸುಣ್ಣವಾಗಿ ಬಳಸುವವರನ್ನು ಶರಣರು ಕಟುವಾಗಿ ನಿಂದಿಸಿದ್ದಾರೆ.

ಆದರೂ ಶರಣಪರಂಪರೆಯಲ್ಲಿ ಇನ್ನೊಂದು ಸ್ಮರಣೆಯೂ ಇದೆ. ಉರಿಲಿಂಗಪೆದ್ದಿಯು ಮೊದಲು ಕಳ್ಳನಾಗಿದ್ದನೆಂದೂ, ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆಯನ್ನು ಕೊಡುತ್ತಿದ್ದುದನ್ನು ಕಂಡು ಮನಸ್ಸು ತಿರುಗಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಅವನನ್ನು ಬಾಗಿಲಲ್ಲಿಯೇ ತಡೆದು ಅಟ್ಟಿದ್ದರೆ ಗುರುವಿನ ಪೀಠಕ್ಕೆ ಅಂತಹ ಶಿಷ್ಯನು ದೊರೆಯುತ್ತಿರಲಿಲ್ಲ. ಗುರುವು ಕಳವನ್ನು ಒಪ್ಪಲಿಲ್ಲ. ಕಳವನ್ನು ಬಿಟ್ಟು ಬಂದವನನ್ನು ಒಪ್ಪಿದನು. ಆರ್ಮ್‌ಸ್ಟ್ರಾಂಗನಿಗೆ ಆ ಎರಡು ದಿನಗಳ ಸವಾರಿಯಿಂದ ಬಿರುದುಗಳು ಮರಳಲಿಲ್ಲ, ಮರಳಲೂಬಾರದು. ಅಲ್ಲಿ ಗೆಲುವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಪಂದ್ಯದ ದಿನವೂ ಅದಾಗಿರಲಿಲ್ಲ. ಬೇರೊಬ್ಬನ ಸೇವೆಯ ಹಿಂದೆ ಒಬ್ಬ ಆಳಾಗಿ ಬೈಸಿಕಲ್ಲು ತುಳಿಯುವುದಷ್ಟೇ ಅವನ ಪಾಲಿಗಿದ್ದುದು. ಅವನ ಅಂತರಂಗವನ್ನು ಅಳೆಯುವ ಅಧಿಕಾರವು ಶಿವನೊಬ್ಬನದೇ. ಮನುಷ್ಯರು ಮಾಡಬಹುದಾದುದು ಇಷ್ಟು: ಕೊಳೆಯನ್ನು ಕೊಳೆಯೆಂದೇ ಕರೆಯಬೇಕು; ತೊಳೆದುಕೊಳ್ಳಲು ಕೊಳದ ಬಳಿ ಬಂದವನಿಗೆ ನೀರನ್ನು ನಿರಾಕರಿಸಬಾರದು.

ಮರಳುವುದೆಂಬುದಕ್ಕೆ ಹೀಗೆ ಎರಡು ಅರ್ಥಗಳಾದುವು. ಒಳ್ಳೆಯದನ್ನು ಒಮ್ಮೆ ಮಾಡಿದವನು ಅದಕ್ಕೆ ಮರಳಬೇಕು. ಕೆಟ್ಟದ್ದನ್ನು ಮಾಡಿದವನು ಒಳ್ಳೆಯದರ ಕಡೆಗೆ ಮರಳಬೇಕು. ಮೊದಲನೆಯವನಿಗೆ ಅಡ್ಡವಾಗುವುದು ತೃಪ್ತಿ. ಎರಡನೆಯವನಿಗೆ ಅಡ್ಡವಾಗುವುದು ನಾಚಿಕೆ. ಎರಡನ್ನೂ ದಾಟಿಸುವುದು ದಾಸಭಾವವೊಂದೇ.

ಈ ದೃಷ್ಟಾಂತದಿಂದ ಗೃಹಸ್ಥನಾದ ಭಕ್ತನು ಕಲಿಯತಕ್ಕದ್ದೇನು? ಎಲ್ಲರೂ ಬೈಸಿಕಲ್ಲನ್ನೇರಿ ಆಲ್ಪ್ಸ್ ಪರ್ವತಕ್ಕೆ ಹೋಗಬೇಕೆಂದಲ್ಲ. ಐವತ್ತು ದಾಟಿದವನು ಹಳೆಯ ಬೈಸಿಕಲ್ಲನ್ನು ಅಟ್ಟದಿಂದ ಇಳಿಸಿ ಒಂದೇ ದಿನಕ್ಕೆ ನೂರು ಮೈಲಿ ಹೊರಡುವುದು ಭಕ್ತಿಯಲ್ಲ, ಅವಿವೇಕ. ಪ್ರಸಾದವೆಂದು ಬಂದ ದೇಹವನ್ನು ಹಟಕ್ಕೆ ಬಿದ್ದು ಹಾಳುಮಾಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ವೈದ್ಯರನ್ನು ಕೇಳಿ, ದಿನಕ್ಕೆ ನಾಲ್ಕು ಮೈಲಿಯಿಂದ ಆರಂಭಿಸಿ, ತಿಂಗಳುಗಟ್ಟಲೆ ಮೈಯನ್ನು ಹದಕ್ಕೆ ತಂದು, ಆಮೇಲೆ ದೂರದ ಹಾದಿಯನ್ನು ಹಿಡಿಯಬೇಕು. ಆ ನಿಧಾನವೂ ವ್ರತದ ಒಂದು ಅಂಗವೇ.

ಬೈಸಿಕಲ್ಲಿಲ್ಲದವನಿಗೂ ಹಾದಿಯಿದೆ. ಒಮ್ಮೆ ರಕ್ತದಾನವನ್ನು ಮಾಡಿ ಅದರ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವನು, ವೈದ್ಯರು ಒಪ್ಪುವ ಅಂತರದಲ್ಲಿ ಮತ್ತೆ ಹೋಗಬಹುದು. ರಕ್ತದ ಕ್ಯಾನ್ಸರಿನ ರೋಗಿಗೆ ಒಡಹುಟ್ಟಿದವರಲ್ಲಿ ಹೊಂದಿಕೆ ದೊರೆಯದಿದ್ದಾಗ ಹೊರಗಿನವರ ಆಕರಕೋಶಗಳೇ ಗತಿಯಾದುದರಿಂದ, ಮನೆಯ ತರುಣರು ದಾನಿಗಳ ಪಟ್ಟಿಯಲ್ಲಿ ಹೆಸರನ್ನು ಬರೆಯಿಸಬಹುದು. ಬರೆಯಿಸಿದ ಮೇಲೆ ಎಂದಾದರೊಮ್ಮೆ ಕರೆ ಬಂದಾಗ ಹಿಂಜರಿಯದೆ ಹೋಗಬಹುದು. ಹೆಸರನ್ನು ಕೊಡುವುದು ಉತ್ಸಾಹದ ಕೆಲಸ; ಕರೆ ಬಂದಾಗ ಹೋಗುವುದು ವ್ರತದ ಕೆಲಸ. ಊರಿನ ಶಾಲೆಗೆ ಒಂದು ವರ್ಷ ನೆರವಾದವನು ಮರುವರ್ಷವೂ ಬಾಗಿಲು ತಟ್ಟಬಹುದು. ಕಾಯಿಲೆಯಲ್ಲಿ ಮಲಗಿರುವ ನೆರೆಯವನನ್ನು ಮೊದಲ ವಾರ ಎಲ್ಲರೂ ನೋಡಿ ಬರುತ್ತಾರೆ; ಆರನೆಯ ತಿಂಗಳಿನಲ್ಲಿ ಅವನ ಬಾಗಿಲಿಗೆ ಹೋಗುವವನು ಅಪರೂಪ. ಆ ಅಪರೂಪದವನಾಗಲು ಹಣವೂ ಬೇಡ, ಬೆಟ್ಟವೂ ಬೇಡ.

ರೋಗದಿಂದಲೋ ಅಪಾಯದಿಂದಲೋ ಪಾರಾಗಿ ಮನೆಗೆ ಮರಳಿದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರಿಗೆ ಈ ವಿಚಾರವು ವಿಶೇಷವಾಗಿ ಅನ್ವಯಿಸುತ್ತದೆ. ಮರಳಿ ಬಂದ ದೇಹವು ಹಳೆಯ ದೇಹವಲ್ಲ. ಅದು ಅನೇಕರ ಕೈಗಳನ್ನು ದಾಟಿ ಬಂದ ಪ್ರಸಾದ. ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಂಡಾಗ ಆ ಕೈಯಲ್ಲಿ ಹರಿಯುವ ರಕ್ತವು ಯಾರ ಯಾರ ಋಣದಿಂದ ಇಂದಿಗೂ ಬೆಚ್ಚಗಿದೆಯೆಂಬುದನ್ನು ನೆನೆದರೆ, ಆ ದಿನದ ದಾಸೋಹವೇನೆಂಬುದು ಯಾರೂ ಹೇಳಿಕೊಡದೆಯೇ ತಿಳಿಯುವುದು. ಹಾಗೆ ತಿಳಿದುದನ್ನು ಇಂದು ಮಾಡಿ, ನಾಳೆ ಮತ್ತೆ ಮಾಡುವ ಶಕ್ತಿಯನ್ನು ಶಿವನು ಸದ್ಭಕ್ತರೆಲ್ಲರಿಗೂ ಕರುಣಿಸಲಿ.